ಬೆಂಗಳೂರಿನಿಂದ ದೆಹಲಿಗೆ ಎಷ್ಟು ಸೊಪ್ಪಿನ ದೂರ?

ಸಂಖ್ಯೆ: ಹು.ಹಾ./ಜ್ವರ-4/85-86
ಕಾರ್ಯಸ್ಥಳ: ರಾಮನಗರ

ವಿಷಯ: ಬೆಂಗಳೂರು ಮತ್ತು ದೆಹಲಿ ವಿಮಾನ ನಿಲ್ದಾಣಗಳ ನಡುವಿನ ಅಂತರ ಹಾಗೂ ಪ್ರಯಾಣದ ಅವಧಿಯನ್ನು ರೇಷ್ಮೆಹುಳುಗಳ ಅನುಕೂಲಕ್ಕೆ ತಕ್ಕಂತೆ ನಿಗದಿಪಡಿಸುವ ಬಗ್ಗೆ.

ಉಲ್ಲೇಖ: 1. ಅಕ್ಕೂರಿನ ಶ್ರೀಮತಿ ಕೃಷ್ಣಮ್ಮನವರ ಅರ್ಜಿ.
2. ಸದರಿಯವರು ಹುಳುವಿನ ತಟ್ಟೆ ಸಮೇತ ಖುದ್ದು ಹಾಜರಾದದ್ದು.

ದೆಹಲಿಯ ರೇಷ್ಮೆ ಪ್ರದರ್ಶನಕ್ಕೆ ಈ ಭಾಗದಿಂದ ಆಯ್ಕೆಯಾದ ಏಕೈಕ ಬೆಳೆಗಾರರಾದ ಕೃಷ್ಣಮ್ಮನವರು, ಒಂದು ತಟ್ಟೆ ಹುಳುವಿನೊಂದಿಗೆ ವಿಮಾನ ಹತ್ತಲು ಅನುಮತಿ ಕೋರಿ, ದೆಹಲಿ "ಎಷ್ಟು ಸೊಪ್ಪಿನ ದೂರ" ಎಂದು ವಿಚಾರಿಸಿರುತ್ತಾರೆ. ಊರಿಗೆಲ್ಲ ಹೇಳಿಕೊಂಡಾಗಿದೆ, ಹೋಗದಿದ್ದರೆ ಅಕ್ಕೂರಿನಲ್ಲಿ ತಲೆ ಎತ್ತುವಂತಿಲ್ಲ ಎಂದೂ ಅರಿಕೆ ಮಾಡಿಕೊಂಡಿರುತ್ತಾರೆ. ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. "ಸೊಪ್ಪು" ಎಂದರೆ ಹುಳುಗಳಿಗೆ ಒಮ್ಮೆ ಹಿಪ್ಪುನೇರಳೆ ಸೊಪ್ಪು ಹಾಕಿದ ಮೇಲೆ ಮತ್ತೊಮ್ಮೆ ಹಾಕುವವರೆಗಿನ ಹೊತ್ತು. ವಿಮಾನದ ದಾರಿ ಸುಮಾರು 1,700 ಕಿ.ಮೀ., ಎರಡೂವರೆ ಗಂಟೆ. ಅಂದರೆ ಅರ್ಧ ಸೊಪ್ಪು. ಅಕ್ಕೂರಿನಿಂದ ಬೆಂಗಳೂರಿಗೆ, ಚನ್ನಪಟ್ಟಣದಲ್ಲಿ ಬಸ್ಸಿಗೆ ಕಾಯುವುದೂ ಸೇರಿ, ಒಂದು ಸೊಪ್ಪು. ಆದಕಾರಣ ಬೆಂಗಳೂರಿಗೆ ಅಕ್ಕೂರಿಗಿಂತ ದೆಹಲಿಯೇ ಹತ್ತಿರವೆಂದು ಘೋಷಿಸಲಾಗಿದೆ. ಶಾಲೆಗಳು ಭೂಪಟ ತಿದ್ದಿಕೊಳ್ಳತಕ್ಕದ್ದು.

2. ಸೊಪ್ಪು ಹಾಕಲು ದಾರಿಯಲ್ಲಿ ಮರದ ನೆರಳು ನೋಡಿ ವಿಮಾನ ನಿಲ್ಲಿಸಬೇಕೆಂಬ ಕೋರಿಕೆಯನ್ನು, ಅಷ್ಟೆತ್ತರದ ಮರ ಮಾಗಡಿ, ಕನಕಪುರಗಳಲ್ಲೂ ಪತ್ತೆಯಾಗದ ಕಾರಣ, ತಿರಸ್ಕರಿಸಲಾಗಿದೆ.

3. ಹಾಗಿದ್ದಲ್ಲಿ ಹುಳುಗಳು "ನಾಲ್ಕನೇ ಜ್ವರದಲ್ಲಿ" ಪ್ರಯಾಣಿಸುವವೆಂದು ಅರ್ಜಿದಾರರು ತಿಳಿಸಿದರು. ಮೂರು ಜ್ವರ ಆಗಲೇ ಬಂದುಹೋಗಿರುವುದನ್ನು ಗಂಭೀರವಾಗಿ ಪರಿಗಣಿಸಿ, ವೈದ್ಯರ ಪ್ರಮಾಣಪತ್ರ ಬರುವವರೆಗೆ ತಟ್ಟೆಯನ್ನು ಕಚೇರಿಯಲ್ಲೇ ಇರಿಸಿಕೊಳ್ಳಲಾಯಿತು. ಥರ್ಮಾಮೀಟರ್ ಇಡಲು ಹುಳುವಿನ ಕಂಕುಳು ಸಿಗಲಿಲ್ಲವೆಂದು ವೈದ್ಯರು ವರದಿ ಮಾಡಿರುತ್ತಾರೆ.

4. ಅರ್ಜಿದಾರರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಅಯ್ಯೋ ಸಾಮಿ, ಮೈ ಬಿಸಿಯಾಗೋ ಜ್ವರ ಅಲ್ಲ ಕಣ್ರಪ್ಪ, ಪೊರೆ ಬುಡೋ ಜ್ವರ! ಸೊಪ್ಪು ಮುಟ್ಟಾಕಿಲ್ಲ, ತಲೆ ಎತ್ಕಂಡು ನಿದ್ದೆ ಹೊಡೀತವೆ. ಆಗ ಹತ್ತುಸ್ಬುಟ್ರೆ ದಿಲ್ಲೀಲಿ ಏಳ್ತವೆ." ಸದರಿ ಹೇಳಿಕೆಯನ್ನು ಅರ್ಥ ಮಾಡಿಕೊಳ್ಳಲು ಉಪಸಮಿತಿ ರಚಿಸಲಾಯಿತು.

5. ಉಪಸಮಿತಿಗೆ ಅರ್ಥವಾಯಿತು. ಆದರೆ ಅನುಮತಿಯ ಕಡತ ಗುಮಾಸ್ತ ಮಕ್ಬೂಲ್ ಅವರ ಮೇಜಿನಿಂದ ಅಧೀಕ್ಷಕರ ಮೇಜಿಗೆ ಬರಬೇಕಾಗಿತ್ತು. ಅಂತರ: ಹತ್ತು ಅಡಿ. ಪ್ರಯಾಣದ ಅವಧಿ: ಮೂವತ್ತು ಸೊಪ್ಪು. ಅಷ್ಟನ್ನೂ ಜವಾನ ಬೈರಪ್ಪನವರು ಹಾಕಿರುತ್ತಾರೆ. ಈ ಮಧ್ಯೆ ಹುಳುಗಳು ಜ್ವರದಿಂದೆದ್ದು, ತಿಂದು, ನೂಲು ಬಿಡುವಷ್ಟು ಮಾಗಿ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಕಾಣದೆ, ಸದರಿ ಕಡತದೊಳಗೇ ಗೂಡು ಕಟ್ಟಿರುತ್ತವೆ. ಇದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

6. ಗೂಡು ಬಿಡಿಸಿದರೆ ಕಡತ ಹರಿಯುತ್ತದೆ. ಕಡತ ಬಿಚ್ಚಿದರೆ ಗೂಡು ಹಾಳಾಗುತ್ತದೆ. ಆದ್ದರಿಂದ ಕಡತವನ್ನೇ ನಾಳಿನ ವಿಮಾನದಲ್ಲಿ ಪ್ರದರ್ಶನಕ್ಕೆ ಕಳುಹಿಸತಕ್ಕದ್ದು. ಕಡತವು ಒಂಟಿಯಾಗಿ ಕಚೇರಿ ಬಿಡುವಂತಿಲ್ಲವಾದ್ದರಿಂದ ಅದರ ಕಾವಲಿಗೆ ಕೃಷ್ಣಮ್ಮನವರನ್ನು ನೇಮಿಸಲಾಗಿದೆ. ಕಿಟಕಿ ಪಕ್ಕದ ಆಸನ ಕಡತಕ್ಕೆ ಮೀಸಲು. ಈ ಬಗ್ಗೆ ಆಕ್ಷೇಪಣೆ ಸ್ವೀಕೃತವಾಗಿದೆ: "ಕಡತ ಏನ್ ನೋಡಾತು? ಕಿಟಕಿ ತಾವ ನಾನೇ ಕೂತ್ಕತೀನಿ." ಆಕ್ಷೇಪಣೆಯನ್ನು ಮನ್ನಿಸಲಾಗಿದೆ.

7. ಇದರಿಂದ ಕಚೇರಿಗೆ ಬಹಳ ಸಂತೋಷವಾಗಿದೆ. ಸಂತೋಷಕ್ಕೆ ನಿಗದಿತ ನಮೂನೆ ಇಲ್ಲದ್ದರಿಂದ ಸಿಬ್ಬಂದಿ ತಂತಮ್ಮ ಮಟ್ಟದಲ್ಲಿ ಪಡತಕ್ಕದ್ದು.

ಸಹಿ/-
ಅಧೀಕ್ಷಕರು (ಜ್ವರ ಮತ್ತು ಹಾರಾಟ)

ಪ್ರತಿಗಳು:
1. ವಿಮಾನದ ಚಾಲಕರಿಗೆ: ಮರ ಕಂಡರೂ ನಿಲ್ಲಿಸದಿರಲು.
2. ವೈದ್ಯರಿಗೆ: ಥರ್ಮಾಮೀಟರ್ ಹಿಂಪಡೆಯಲು.
3. ಅಕ್ಕೂರು ಗ್ರಾಮಸ್ಥರಿಗೆ: ನಾಳೆ ತಲೆ ಎತ್ತಿ ನೋಡಲು.
4. ಕಚೇರಿ ಪ್ರತಿ: ಗೂಡಿನೊಳಗಿದೆ. ನೂಲು ಬಿಚ್ಚಿದ ಮೇಲೆ ಓದಿಕೊಳ್ಳುವುದು.