ಹೊಂಗೆಗೂ ಸಂಡಿಗೆಗೂ ನಡೆದ ಮಹಾಸಂಗ್ರಾಮ

ಖಾಲಿ ಜಾಗವೆಲ್ಲ ಕಸದ ಪಾಲಾಗುವ ಈ ಯುಗದ ಅಧಿದೇವತೆಯೇ, ಪ್ಲಾಸ್ಟಿಕ್‌ಮಾಲಾಲಂಕೃತೆಯೇ, ಮೂಗು ಮುಚ್ಚಿದ ಕೈಯನ್ನು ಕ್ಷಣಕಾಲ ತೆಗೆದು, ಧಾರವಾಡ ಸೀಮೆಯ ಮಾಳಗಟ್ಟಿ ಕಾಲನಿಯಲ್ಲಿ ಅವತರಿಸಿದ ಗುದ್ದಲಿಪಾಣಿ, ಜಡೆದ್ವಯಶೋಭಿತೆ, ಒಂಬತ್ತನೇ ತರಗತಿಯ ಸಿಂಹಿಣಿ ನೀಲಗಂಗೆಯ ಪರಾಕ್ರಮವನ್ನು ಆಲಿಸು.

ಉದ್ಯಾನಕ್ಕೆಂದು ಬಿಟ್ಟು, ಬಿಟ್ಟದ್ದನ್ನೇ ಎಲ್ಲರೂ ಮರೆತಿದ್ದ ಬಯಲೊಂದು ಅಲ್ಲಿತ್ತು. ಹರಿದ ಗಾದಿಗಳೂ ಜಾಲಿಕಂಟಿಗಳೂ ಆಳುತ್ತಿದ್ದ ಆ ಸಾಮ್ರಾಜ್ಯವನ್ನು ನೀಲಗಂಗೆಯು ಸಹಪಾಠಿಸೇನೆಯೊಡನೆ ನುಗ್ಗಿ ಅಕ್ಷರಶಃ ನಿಷ್ಕಂಟಕಗೊಳಿಸಿದಳು. ಮರುವಾರ, ನಕ್ಷಾವಿಶಾರದ ಇರ್ಫಾನನು ಬರೆದ ತೋಟದ ಚಿತ್ರದಂತೆ ನಟ್ಟನಡುವೆ ಹೊಂಗೆ ನೆಡಲು ಬಂದು ನೋಡಿದರೆ, ಅದೇ ಸ್ಥಳದಲ್ಲಿ ಹಳೆಯ ಸೀರೆಯೊಂದು ಹರಡಿತ್ತು; ಅದರ ಮೇಲೆ ಸಾಲುಸಾಲು ಸಂಡಿಗೆ; ಪಕ್ಕದಲ್ಲಿ ಎಪ್ಪತ್ತು ಬೇಸಿಗೆಗಳನ್ನು ಹಪ್ಪಳವಾಗಿಸಿದ ಸಂಡಿಗೆಸಂರಕ್ಷಣಧುರಂಧರೆ, ಎದುರುಮನೆಯ ಶಿವಲಿಂಗವ್ವ.

ನೀಲಗಂಗೆ ಗುದ್ದಲಿಯನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದಳು: "ಅಜ್ಜಿ, ಸಂಡಗಿ ತಗೀರಿ. ಇಂದ್ರ ಬಂದ್ರೂ ಗಿಡಾ ಇಲ್ಲೇ ಹಚ್ಚಾಕಿ ನಾನು. ಇಡೀ ಓಣಿಗೆ ನೆರಳಾಗತೈತಿ."

ಶಿವಲಿಂಗವ್ವ ಕುಳಿತಲ್ಲಿಂದ ಕದಲಲಿಲ್ಲ.

"ನೆರಳು ಯಾರು ಬೇಡ್ಯಾರ ಯವ್ವಾ? ಬಾಜೂಕ ಬಿಲ್ಡಿಂಗ್ ಎದ್ದಾಗಿಂದ ನನ್ನ ಮನ್ಯಾಗ ಬರೇ ನೆರಳ. ಮೂರು ಬ್ಯಾಸಗಿ ಒಂದು ಸಂಡಗಿ ಹಾಕಿಲ್ಲ. ನೀವು ಜಾಲಿ ಕಡದ್ರಿ, ಇಲ್ಲಿ ಬಿಸಿಲು ಬಿತ್ತು. ನನಗಂತನ ಮಾಡೀರಿ ಅನ್ಕೊಂಡಿದ್ದೆ."

ಆ ವಾಗ್ಬಾಣವು ಸಮವಸ್ತ್ರಕವಚವನ್ನು ಭೇದಿಸಿ ಸಿಂಹಿಣಿಯ ಎದೆಗೆ ನಾಟಿತು. ತೋಟ ಯಾರಿಗೆಂದು ಕಾಲನಿಯಲ್ಲಿ ಒಬ್ಬರನ್ನೂ ತಾವು ಕೇಳಿರಲಿಲ್ಲವೆಂಬುದು ಅವಳಿಗೆ ಆಗಲೇ ಹೊಳೆದದ್ದು. ಗುದ್ದಲಿ ಮೆಲ್ಲಗೆ ಕೆಳಗಿಳಿಯಿತು.

"ಇರ್ಫಾನ, ನಕ್ಷಾ ತಿದ್ದು. ಗಿಡಾ ಆ ಮೂಲಿಗೆ ಹೋಗಲಿ. ನಡುವ ಬಿಸಿಲಿಗೆ ಒಂದು ಕಟ್ಟಿ ಕಟ್ಟೂಣು, ಸಂಡಗಿ ಒಣಗಸಾಕ."

"ಟೀಚರ್ ನಕ್ಷಾಕ್ಕ ಸಹಿ ಹಾಕ್ಯಾರಲೇ."

"ಅವರೂ ಸಂಡಗಿ ತಿಂತಾರ. ತಿದ್ದು."

ಹೀಗೆ ಮೂರೆಲೆಯ, ಮೊಣಕಾಲೆತ್ತರದ ಹೊಂಗೆಯು ಮಹಾಸೈನ್ಯದ ಜಯಘೋಷದ ನಡುವೆ ದಿಗಂತದವರೆಗೆ, ಎಂದರೆ ಹಿಂದಿನ ಕಂಪೌಂಡಿನವರೆಗೆ, ಪ್ರಯಾಣ ಬೆಳೆಸಿ ಮಣ್ಣಿನಲ್ಲಿ ನೆಲೆಸಿತು.

ಶಿವಲಿಂಗವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. "ಹಂಗಾರ ನಾ ಚಾ ಕುಡದು ಬರ್ತೀನಿ. ಕಾಗಿ ಬರ್ತಾವ, ನೋಡ್ಕೊ ಯವ್ವಾ."

ಜಾಲಿವನಮರ್ದಿನಿಯು ಕೋಲು ಹಿಡಿದು ಸಂಡಿಗೆಯ ಕಾವಲಿಗೆ ಕುಳಿತಳು. ಕಾಗೆಗಳು ಬರಲಿಲ್ಲ. ಆದರೂ ಸೀರೆಯ ಒಂದು ಅಂಚಿನಲ್ಲಿ ಸಂಡಿಗೆಗಳು ಕಡಿಮೆಯಾಗುತ್ತ ಹೋದವು. ಅರ್ಧ ಒಣಗಿದಾಗ ಅವು ಬಲು ರುಚಿ.