ಕೆಂಪು ದೀಪ ಹೊಕ್ಕ ಮನೆ

"ಈ ಮನೇಲಿ ಕಡಲೆಬೀಜದ ಒಂದು ಕಣ ಇದ್ರೂ ನನ್ನ ಕಣ್ಣು ತಪ್ಪಿಸೋಕಾಗಲ್ಲ!" ಎಂದು ಡೇರಿಯ ಲ್ಯಾಬ್ ಸಹಾಯಕ ಮೀಸೆ ತಿರುವಿ ಎದೆ ತಟ್ಟಿಕೊಂಡ. ಜೇಬಿನಲ್ಲಿ ಏನೋ ಚಿಟ್ ಎಂದಿತು. ವೀರರು ಅಂಥ ಸದ್ದಿಗೆಲ್ಲ ಕಿವಿಗೊಡುವುದಿಲ್ಲ.

ನಾಲ್ಕು ಗಂಟೆಗೆ ಅಕ್ಕ ಮಗಳೊಂದಿಗೆ ಬರುವವಳಿದ್ದಳು. ಆರು ವರ್ಷದ ಆ ಮಗುವಿಗೆ ಕಡಲೆಬೀಜ ಆಗದು. ಹೋದ ವರ್ಷ ಐಸ್‌ಕ್ರೀಮಿನಲ್ಲಿದ್ದ ಒಂದು ಚೂರಿಗೇ ಗಂಟಲು ಊದಿ ಆಸ್ಪತ್ರೆ ಸೇರಿತ್ತು. ಅಂದಿನಿಂದ ಈ ಮನೆಗೆ ಕಡಲೆಬೀಜ ಕಾಲಿಟ್ಟಿರಲಿಲ್ಲ. ಆದರೂ ಅವನು ಡೇರಿಯಿಂದ ಅಂಗೈಯಗಲದ ಸೆನ್ಸರ್ ತಂದಿದ್ದ. ಅದರ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟರೆ ಸಾಕು: ಶುದ್ಧವಾಗಿದ್ದರೆ ಹಸಿರು ದೀಪ, ಕಡಲೆಬೀಜ ಸೋಂಕಿದ್ದರೆ ಕೆಂಪು.

ಕರವಸ್ತ್ರದಿಂದ ಮೀಸೆಯ ಬೆವರು ಒರೆಸಿಕೊಂಡ. ಅದರಲ್ಲೇ ಚಮಚ ಒರೆಸಿ ಮೊಸರಿಗೆ ಅದ್ದಿ, ಪಟ್ಟಿಗೆ ಹನಿ ಬಿಟ್ಟ. ಕೆಂಪು!

"ಏನ್ರೀ ಅದು?" ಎಂದಳು ಹೆಂಡತಿ.

"ಸುಮ್ನಿರು, ಕಳ್ಳ ಸಿಕ್ಕಿಬಿದ್ದ!"

ಚಮಚ ಒರೆಸಿ ಹಾಲಿಗೆ ಅದ್ದಿದ. ಕೆಂಪು. ಬೆಣ್ಣೆಯೂ ಕೆಂಪು. ಕೊನೆಗೆ ನಲ್ಲಿಯ ಬರೀ ನೀರು. ಯಂತ್ರ ಒಂದು ಕ್ಷಣ ಯೋಚಿಸಿ, ಕೆಂಗಣ್ಣು ತೆರೆಯಿತು.

ಅಡುಗೆಮನೆಯಲ್ಲಿ ಫ್ರಿಜ್ಜಿನ ಗುನುಗು ಕೂಡ ಉಸಿರು ಹಿಡಿದಂತೆ ನಿಂತಿತು. ಹುರಿದ ಬೀಜದ ಸಣ್ಣ ವಾಸನೆ ಎಲ್ಲಿಂದಲೋ ತೇಲಿಬಂತು. ಅವನು ನಡುಮನೆಗೆ ಬಂದ; ವಾಸನೆಯೂ ಬಂತು. ಕೋಣೆಗೆ ಹೋದ, ಅದು ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಬೀರುವಿನಲ್ಲಿ ಮಗುವಿಗೆಂದೇ ಸುತ್ತಿಟ್ಟಿದ್ದ ಪುಟ್ಟ ಬಟ್ಟಲನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅದನ್ನೂ ಕರವಸ್ತ್ರದಿಂದ ಒರೆಸಿ, ನೀರು ಹಾಕಿ, ಹನಿ ಬಿಟ್ಟ. ಕೆಂಪು!

ಎದೆಯ ಮೇಲೆ ತಣ್ಣಗೆ ಏನೋ ಇಳಿಯಿತು.

"ಏನೋ ನಮ್ಮ ಜೊತೇಲೇ ಓಡಾಡ್ತಿದೆ ಕಣೇ," ಪಿಸುಗುಟ್ಟಿದ. "ಅಕ್ಕನಿಗೆ ಬರಬೇಡ ಅಂದುಬಿಡ್ತೀನಿ."

"ಆ ಮಗು ವಾರದಿಂದ ದಿನ ಎಣಿಸ್ತಿದೆ. ಫೋನ್ ಕೆಳಗಿಡಿ!" ಅವಳು ಕೈಗೂ ಚಮಚಕ್ಕೂ ಸೋಪು ಹಚ್ಚಿ ತೊಳೆದು, ಅದೇ ನಲ್ಲಿಯ ನೀರಿನ ಹನಿ ಬಿಟ್ಟಳು. ಹಸಿರು.

ಆಮೇಲೆ ಅವನತ್ತ ತಿರುಗಿದಳು. ಆ ನೋಟದ ಮುಂದೆ ಕೆಂಪು ದೀಪ ಏನೂ ಅಲ್ಲ.

"ಜೇಬಲ್ಲಿ ಏನಿದೆ?"

"ಕರವಸ್ತ್ರ. ಮತ್ತೆ... ಯಂತ್ರ ಸರಿಯಿದೆಯಾ ಅಂತ ನೋಡೋಕೆ ಲ್ಯಾಬಲ್ಲಿ ದಿನಾ ಕಲಸ್ತೀನಲ್ಲ, ಅದರ ಸೀಸೆ."

"ಏನು ಕಲಸ್ತೀರಿ?"

"ಹಾಲಿಗೆ... ಕಡಲೆಬೀಜದ ಪುಡಿ."

ಎದೆ ತಟ್ಟಿದ ಏಟಿಗೇ ಮುಚ್ಚಳ ಸೀಳಿತ್ತು. ಕರವಸ್ತ್ರ ತೊಯ್ದು ತೊಪ್ಪೆಯಾಗಿತ್ತು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ ಯಾರೋ! ಅವರೇ ವಾಸಿ, ಹೋದಲ್ಲೆಲ್ಲ ಕೂಸನ್ನ ಸವರಿ ಬರಲಿಲ್ಲ!"

ನಾಲ್ಕರೊಳಗೆ ಅವನು ಮುಟ್ಟಿದ್ದನ್ನೆಲ್ಲ ಅವಳು ತೊಳೆದಳು, ಇಲ್ಲವೇ ಎಸೆದಳು. ಹೊಸ ಮೊಸರು ಹಸಿರು ತೋರಿಸಿತು. ಅವನು ಮೂರು ಸ್ನಾನ ಮಾಡಿದ. ಕೈ ಹಸಿರು, ಎದೆ ಹಸಿರು. ಮೀಸೆ ಮಾತ್ರ ಮೂರು ಸಲವೂ ಕೆಂಪು. ಹೆಂಡತಿ ಬಚ್ಚಲಿನ ಬಾಗಿಲ ಸಂದಿಯಿಂದ ರೇಜರ್ ಚಾಚಿದಳು.

ಹಸಿರು ಹೊತ್ತಿಸಿಕೊಂಡು ಅವನು ಹೊರಬಂದಾಗ, ಮೊಸರು ತಿನ್ನುತ್ತಿದ್ದ ಮಗು ಅವನ ಬೋಳು ಮುಖವನ್ನೇ ದಿಟ್ಟಿಸಿ, ಬಟ್ಟಲನ್ನು ಅವುಚಿಕೊಂಡು ಮೆಲ್ಲಗೆ ಕರೆಯಿತು:

"ಅತ್ತೇ... ನಮ್ಮ ಜೊತೇಲಿ ಮನೆಯೊಳಗೆ ಬೇರೆ ಯಾರೋ ಇದ್ದಾರೆ!"