ಆಕಾಶಮಾರ್ಗವಾಗಿ ಪೂನಾಕ್ಕೆ

"ಇವತ್ತಿಂದ ಈ ಮನೇಲಿ 'ಇಲ್ಲ' ಅನ್ನೋ ಮಾತು ಬಂದ್!"

ಕೂಟಗಲ್ಲಿನ ತನ್ನ ಮನೆಯ ಜಗಲಿಯ ಮೇಲೆ ನಿಂತು ಕೆಂಪರಾಜು ಹೀಗೆ ಘೋಷಿಸಿದಾಗ ಎದುರಿಗಿದ್ದ ಸಭಿಕರು ಮೂವರು: ಕಡಲೆಕಾಯಿ ಸುಲಿಯುತ್ತಿದ್ದ ಅವ್ವ ಬೋರಮ್ಮ, ರೇಷ್ಮೆಸೊಪ್ಪಿನ ಹೊರೆ ಇಳಿಸುತ್ತಿದ್ದ ಹೆಂಡತಿ ಚಿಕ್ಕತಾಯಿ, ಮತ್ತು ಕೊಟ್ಟಿಗೆಯ ಎಮ್ಮೆ. ತಲೆದೂಗಿದ್ದು ಎಮ್ಮೆ ಮಾತ್ರ.

ಬಿಡದಿಯ ಕಡೆ ಕಾರ್ಖಾನೆಗಳು ಸಾಲುಗಟ್ಟಿ ಏಳುತ್ತಿದ್ದ ಕಾಲ ಅದು. ಅಲ್ಲೊಂದರಲ್ಲಿ ಕೆಂಪರಾಜು ಕಾರಿನ ಬಾಗಿಲ ಹಿಡಿ ಮಾಡುವ ವಿಭಾಗದ ಸೂಪರ್‌ವೈಸರ್. ಕಂಪನಿಯವರು ಎರಡು ದಿನ 'ಪಾಸಿಟಿವ್ ಥಿಂಕಿಂಗ್' ತರಬೇತಿ ಕೊಡಿಸಿದ್ದರು. ಟೈ ಕಟ್ಟಿದ ಗುರುಗಳೊಬ್ಬರು ಬಂದು, ಕಷ್ಟವನ್ನು ಕಷ್ಟ ಎಂದು ಕರೆಯುವುದೇ ಮನುಷ್ಯನ ಸಕಲ ಕಷ್ಟಗಳಿಗೂ ಕಾರಣವೆಂದು ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದ್ದರು. ಕ್ಯಾಂಟೀನಿನ ಸಾರಿನಲ್ಲಿ ಬೇಳೆ ಯಾಕಿಲ್ಲವೆಂದು ಅಂದಿನಿಂದ ಯಾರೂ ಕೇಳಲಿಲ್ಲ. ಕೇಳಿದರೆ ನೆಗೆಟಿವ್ ಆಗುತ್ತಿತ್ತು!

"ಇದ್ಕೂ ಒಂದು ಕೋರ್ಸ್ ಬೇಕಿತ್ತೇನ್ಲಾ?" ಎಂದಳು ಬೋರಮ್ಮ. "ಬಳೆ ಒಡದ್ರೆ ಬಳೆ ಹೆಚ್ತು ಅಂತೀವಿ. ದೀಪ ಆರ್ಸು ಅನ್ನಲ್ಲ, ದೊಡ್ಡದು ಮಾಡು ಅಂತೀವಿ. ನಮ್ಮತ್ತೆ ಟೈ ಕಟ್ದೇನೇ ಹೇಳ್ಕೊಟ್ಟಿದ್ಲು."

ಕೆಂಪರಾಜು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಸನ ಮುಂದುವರಿಯಿತು. ಈ ಮನೆಗೆ ಕೆಟ್ಟ ಸುದ್ದಿ ಬಂದರೆ, ಬಂದದ್ದು ಯಾರ ಕಿವಿಗೋ ಅವರು ಅದನ್ನು ಬಾಯಿಗೆ ತರದೆ ನುಂಗಿಕೊಳ್ಳತಕ್ಕದ್ದು. ಆ ರಾತ್ರಿಯೇ ಶಾಸನಕ್ಕೆ ಪರೀಕ್ಷೆ ಬಂತು. ಸಾರು ಸಪ್ಪೆ.

"ಉಪ್ಪು?"

"ಐತೆ," ಎಂದಳು ಚಿಕ್ಕತಾಯಿ.

"ಎಲ್ಲೈತೆ?"

"ಅಂಗ್ಡೀಲಿ."

ಎಷ್ಟು ಪಾಸಿಟಿವ್ ಉತ್ತರ! ಕೆಂಪರಾಜು ಸಪ್ಪೆ ಸಾರನ್ನೇ ಸುರಿದುಕೊಂಡು ಉಂಡ.

ತರಬೇತಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ತಲೆಯಾಡಿಸಿದ್ದ ಪುಣ್ಯಕ್ಕೆ ಅವನಿಗೆ ಇನ್ನೂ ಮೇಲಿನ ಮೂರು ದಿನದ ತರಬೇತಿ ಸಿಕ್ಕಿತು. ಪೂನಾದಲ್ಲಿ! ಹೋಗುವುದು ವಿಮಾನದಲ್ಲಿ! ಏಳು ತಲೆಮಾರಿನಲ್ಲಿ ಅಟ್ಟಕ್ಕಿಂತ ಎತ್ತರ ಹತ್ತದ ವಂಶ ಅದು. ಸೋದರಮಾವ ದಾಸಪ್ಪ ಸುಮ್ಮನಿರುತ್ತಾನೆಯೇ? ಊರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. 'ಆಕಾಶಮಾರ್ಗವಾಗಿ ಪೂನಾಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಕೆಂಪರಾಜುರವರಿಗೆ ಶುಭವಾಗಲಿ.' ಕಪ್ಪು ಕನ್ನಡಕ ಹಾಕಿದ ಕೆಂಪರಾಜು, ಹೂವಿನ ಹಾರ ಹಾಕಿಕೊಂಡ ವಿಮಾನ, ವಿಮಾನಕ್ಕಿಂತ ದೊಡ್ಡದಾಗಿ ಕೈಮುಗಿದು ನಿಂತ ದಾಸಪ್ಪ.

ಮನೆಯಲ್ಲಿ ಹಾರಾಡಲಾರದವರೂ ಇದ್ದರು. ಹಿತ್ತಲಿನ ಹುಳು ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಕಳಚಲು, ಮೇವು ಬಿಟ್ಟು ಕೂತಿದ್ದವು. ಜ್ವರ ಬಿಟ್ಟು ಎದ್ದವೆಂದರೆ ಮುಗಿಯಿತು, ಗೂಡು ಕಟ್ಟುವವರೆಗೆ ವಾರವಿಡೀ ಅವುಗಳ ಹಸಿವು ಬಕಾಸುರನ ಹಸಿವು.

"ನೀವ್ ಹೋಗೋ ದಿನಾನೇ ಹುಳ ಏಳ್ತಾವೆ ಕಣ್ರೀ. ಆಳುಗಳೆಲ್ಲ ಬಿಡದಿ ಬಸ್ ಹತ್ಬುಟ್ಟವ್ರೆ. ಸೊಪ್ಪು ಕೊಯ್ಯಕ್ಕೆ, ಹಾಕಕ್ಕೆ ಒಬ್ಳೇ ಎಷ್ಟೂಂತ ಸಾಯ್ಲಿ?"

"ಸಾಯ್ಲಿ ಅನ್ಬೇಡ! ಬದುಕ್ಲಿ ಅನ್ನು! ಪಾಸಿಟಿವ್ ಆಗಿ ಹಾಕು, ಸೊಪ್ಪು ತಾನೇ ಹೋಗಿ ತಟ್ಟೇಲಿ ಕೂತ್ಕೊತದೆ."

ನಿಜ ಹೇಳಬೇಕೆಂದರೆ, ಪ್ರತಿ ಬೆಳೆಯಲ್ಲೂ ಆ ವಾರಕ್ಕೆ ಸರಿಯಾಗಿ ಕೆಂಪರಾಜುವಿಗೆ ಕಾರ್ಖಾನೆಯಲ್ಲಿ ಓವರ್‌ಟೈಮ್ ಬೀಳುತ್ತಿತ್ತು. ಬೀಳದಿದ್ದರೆ ಅವನೇ ಕೇಳಿ ಬೀಳಿಸಿಕೊಳ್ಳುತ್ತಿದ್ದ. ಈ ಸಲ ವಿಮಾನವೇ ಬಂದು ಎತ್ತಿಕೊಂಡು ಹೋಗುತ್ತಿತ್ತು.

ಹೊರಡುವ ಹಿಂದಿನ ಸಂಜೆ ಅವನು ಸೂಟ್‌ಕೇಸಿಗೆ ಟವಲ್ ತುರುಕುತ್ತಿದ್ದಾಗ ಚಿಕ್ಕತಾಯಿ ಬಾಗಿಲಲ್ಲಿ ಬಂದು ನಿಂತಳು.

"ರೀ, ಒಂದ್ ಮಾತು ಹೇಳ್ಬೇಕಿತ್ತು."

"ಪಾಸಿಟಿವ್ವೋ, ನೆಗೆಟಿವ್ವೋ?"

ಅವಳು ಒಸಿ ಯೋಚಿಸಿದಳು. "ನೆಗೆಟಿವ್ವೇ ಅನ್ಸ್ತದೆ."

"ಹಂಗಾದ್ರೆ ನುಂಗ್ಕೋ!"

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಸೊಪ್ಪಿನ ಮಂಕರಿ ಎತ್ತಿಕೊಂಡು ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಶುಕೂರನ ಟೆಂಪೋದಲ್ಲಿ ಹದಿನಾಲ್ಕು ಜನ ಬೀಳ್ಕೊಡಲು ಹೊರಟರು. ಚಿಕ್ಕತಾಯಿ ಬರಲಿಲ್ಲ, ಹುಳು ಎದ್ದಿದ್ದವು. ಬೆಂಗಳೂರು ಪೂರ್ವಕ್ಕಿದ್ದರೆ ದಾಸಪ್ಪ ಟೆಂಪೋವನ್ನು ಪಶ್ಚಿಮಕ್ಕೆ ತಿರುಗಿಸಲು ಹೇಳಿದ.

"ಮೊದ್ಲು ಕೆಂಗಲ್ ಆಂಜನೇಯನ ಹತ್ರ ನಡಿ ಶುಕೂರಣ್ಣ. ಹಾರೋ ವಿಷ್ಯದಲ್ಲಿ ಅವನಿಗಿಂತ ಅನುಭವಸ್ಥ ಯಾರವ್ನೆ?"

"ಅವರು ಟಿಕೆಟ್ ಇಲ್ದೆ ಹಾರಿದ್ದು ಯಜಮಾನ್ರೇ," ಎಂದ ಶುಕೂರ್. "ಇವರದು ಟೈಮಿಗೆ ಸರಿಯಾಗಿ ಹೋಯ್ತದೆ." ಆದರೂ ತಿರುಗಿಸಿದ.

ಹಣ್ಣುಕಾಯಿ ಮಾಡಿಸಿ ಬೆಂಗಳೂರು ತಲುಪುವಷ್ಟರಲ್ಲಿ ಹೊತ್ತು ಏರಿತ್ತು. ಟಿಕೆಟ್ ಇಲ್ಲದವರನ್ನು ಪೊಲೀಸರು ವಿಮಾನ ನಿಲ್ದಾಣದ ಬಾಗಿಲಲ್ಲೇ ತಡೆದರು. ಅವ್ವ ಗೊಳೋ ಎಂದು ಅತ್ತು, "ಬಲಗಾಲಿಟ್ಟು ಹತ್ತು ಮಗ," ಎಂದಳು. ಹದಿನಾಲ್ಕು ಜನ ಹೊರಗೆ ಕಾಂಪೌಂಡಿನ ಪಕ್ಕ ಚಾಪೆ ಹಾಸಿ ಆಕಾಶ ನೋಡುತ್ತ ಕೂತರು. ಕೆಂಪರಾಜು ಕಪ್ಪು ಕನ್ನಡಕ ಏರಿಸಿ ಒಳಗೆ ನಡೆದ.

"ಸಾರಿ ಸರ್, ಆ ಫ್ಲೈಟ್ ಕ್ಯಾನ್ಸಲ್ ಆಗಿದೆ," ಎಂದಳು ಕೌಂಟರಿನ ಹುಡುಗಿ, ಲಾಟರಿ ಹೊಡೆದ ಸುದ್ದಿ ಹೇಳುವವಳಂತೆ ನಗುತ್ತ.

ಕೆಂಪರಾಜು ಉಸಿರೆಳೆದುಕೊಂಡ. ಗುರುಗಳನ್ನು ನೆನೆದ. "ಒಸಿ ಕ್ಯಾನ್ಸಲ್ಲೋ, ಪೂರ್ತಿ ಕ್ಯಾನ್ಸಲ್ಲೋ?"

"ಪೂರ್ತಿ ಸರ್. ನಿನ್ನೆಯೇ ಎಲ್ಲರಿಗೂ ಫೋನ್ ಮಾಡಿ ತಿಳಿಸಿದ್ದೀವಲ್ಲ."

"ನನಗ್ಯಾರೂ ತಿಳ್ಸಿಲ್ಲ! ಸುಳ್ಳು!"

"ನಾಳೆ ಬನ್ನಿ ಸರ್, ಸೀಟ್ ಕೊಡ್ತೀವಿ."

ಕಾರ್ಖಾನೆಗೆ ಫೋನ್ ಮಾಡಿದ. ತರಬೇತಿ ಇವತ್ತೇ ಶುರು, ಮಧ್ಯೆ ಸೇರಿಸುವುದಿಲ್ಲ, ಮುಂದಿನ ವರ್ಷ ನೋಡೋಣ, ಹೇಗೂ ಮೂರು ದಿನ ರಜೆ ಮನೆಯಲ್ಲಿರು, ಬಿ ಪಾಸಿಟಿವ್ ಎಂದು ಸಾಹೇಬರು ಫೋನಿಟ್ಟರು. ಜೀವನದಲ್ಲಿ ಮೊದಲ ಸಲ ಆ ಪದ ಕೆಂಪರಾಜುವಿಗೆ ಬೈಗುಳದಂತೆ ಕೇಳಿಸಿತು.

ಹೊರಗೆ ಬಂದರೆ ಚಾಪೆಯೂ ಇಲ್ಲ, ಜನವೂ ಇಲ್ಲ. ಚುರುಮುರಿ ಮಾರುವವನು ಇದ್ದ.

"ಆ ಟೆಂಪೋದೋರಾ? ಒಂದು ವಿಮಾನ ಎದ್ದಿದ್ದೇ ತಡ, ಎಲ್ಲ ಟವಲ್ ಬೀಸಿ, ಈಡುಗಾಯಿ ಒಡೆದು ಹೊರಟೋದ್ರು. ತಗೊಳ್ಳಿ ಸಾರ್, ನಿಮ್ಗೂ ಒಂದು ಹೋಳು," ಎಂದು ತೆಂಗಿನಕಾಯಿ ಚೂರು ಕೊಟ್ಟ.

ತನ್ನದೇ ಯಾತ್ರೆಯ ಪ್ರಸಾದ ತಿನ್ನುತ್ತ ಕೆಂಪರಾಜು ಬಸ್ ಹತ್ತಿದ. ರಾಮನಗರದಲ್ಲಿಳಿದು ತಲೆಗೆ ಟವಲ್ ಸುತ್ತಿದ. ಮುಸ್ಸಂಜೆಗೆ ಊರ ಸರ್ಕಲ್ ದಾಟುವಾಗ ಫ್ಲೆಕ್ಸಿನ ಕೆಂಪರಾಜು ನೆಲದ ಕೆಂಪರಾಜುವನ್ನು ನೋಡಿ ಹಲ್ಲು ಕಿರಿದ. ಜಗಲಿಯಿಂದ ಅವ್ವನ ದನಿ ಬೇಲಿಯಾಚೆಗೂ ಕೇಳುತ್ತಿತ್ತು.

"ಕಿಟ್ಕೀಲಿ ಕೈ ಆಡುಸ್ದ ಕಣ್ರವ್ವಾ ನನ್ ಮಗ! ಅಷ್ಟು ಮೇಲಿಂದ! ಒಸಿ ಬಡವಾಗವ್ನೆ ಅನ್ಸ್ತು."

ಈಗ ಹೋಗಿ ಎದುರಿಗೆ ನಿಂತರೆ ಅವ್ವನ ಮಾತು ಸುಳ್ಳಾಗಬೇಕು, ಮಾವನ ಫ್ಲೆಕ್ಸು ಸುಳ್ಳಾಗಬೇಕು. ಸಾಯುವವರೆಗೂ ಊರು ತನ್ನನ್ನು 'ಪೂನಾ' ಎಂದು ಕರೆಯುತ್ತದೆ. ಕಳ್ಳನಂತೆ ಹಿತ್ತಲಿಗೆ ಬಂದ.

ಚಿಕ್ಕತಾಯಿ ಸೊಪ್ಪು ಒಟ್ಟುತ್ತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ಬಂದ್ರಾ? ಕೈಕಾಲು ತೊಳ್ಕೊಂಡು ಹುಳು ಮನೆಗೆ ನಡೀರಿ. ಅಲ್ಲಿಗೆ ಒಂದು ನರಪಿಳ್ಳೇನೂ ಬರಲ್ಲ."

ಹೌದಲ್ಲ! ಹುಳುವಿಗೆ ರೋಗ ತಗುಲೀತು, ಕಣ್ಣು ತಾಗೀತು ಎಂದು ಹುಳು ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿ ಆ ಸೀಮೆಯಲ್ಲೇ ಇಲ್ಲ. ನೆಂಟರೂ ಇಣುಕುವುದಿಲ್ಲ. ಮಂಡಿ ನೋವಿನ ಅವ್ವ ಹಿತ್ತಲಿಗಿಳಿದೇ ವರ್ಷವಾಗಿತ್ತು. ತಲೆಮರೆಸಿಕೊಳ್ಳಲು ಇದಕ್ಕಿಂತ ಭದ್ರ ಕೋಟೆ ಉಂಟೇ? ಹೆಂಡತಿಯ ಬುದ್ಧಿಗೆ ಮೆಚ್ಚಿ ಕೆಂಪರಾಜು ಒಳಹೊಕ್ಕ. ಹಿಂದಿನಿಂದ ಸೊಪ್ಪಿನ ಮಂಕರಿಯೂ ಒಳಬಂತು.

"ಸುಮ್ನೆ ಕೂತ್ರೆ ಬೇಜಾರಾಯ್ತದೆ. ಹಾಕಿ."

ಹಾಕಿದ. ಸಾವಿರಾರು ಬಾಯಿಗಳು ಸೋನೆ ಮಳೆಯ ಸದ್ದು ಮಾಡುತ್ತ ತಿಂದವು. ಕೊನೆಯ ತಟ್ಟೆಗೆ ಹಾಕುವಷ್ಟರಲ್ಲಿ ಮೊದಲನೆಯದು ಖಾಲಿ. ಹಿಕ್ಕೆ ತೆಗೆ, ತಟ್ಟೆ ಬದಲಿಸು, ಮತ್ತೆ ಹಾಕು. ದಿನಕ್ಕೆ ಐದು ಹೊತ್ತು!

"ಸೊಂಟ ಬಿದ್ದೋಯ್ತು ಕಣೇ," ಎಂದ ಎರಡನೇ ದಿನ.

"ಬಿದ್ದೋಯ್ತು ಅನ್ಬಾರ್ದು. ಬಗ್ತಾ ಐತೆ ಅನ್ನಿ."

ಆ ಮಧ್ಯಾಹ್ನ ತಿರುಗಿ ನೋಡಿದರೆ ಅವಳು ಗೋಡೆಗೊರಗಿ, ಕೈಯಲ್ಲಿ ಸೊಪ್ಪು ಹಿಡಿದಂತೆಯೇ ನಿದ್ದೆ ಹೋಗಿದ್ದಳು. ಮದುವೆಯಾಗಿ ಹನ್ನೊಂದು ವರ್ಷ, ವರ್ಷಕ್ಕೆ ಐದು ಬೆಳೆ. ಅಷ್ಟೂ ಬೆಳೆ ಇವಳು ಹೀಗೆಯೇ ತೆಗೆದಳೇ? ಅವನಿಗೆ ನಾಚಿಕೆಯಾಯಿತು. ಅವಳನ್ನು ಎಬ್ಬಿಸದೆ, ಕೈಯಲ್ಲಿದ್ದ ಸೊಪ್ಪನ್ನು ಮೆಲ್ಲಗೆ ಬಿಡಿಸಿಕೊಂಡು ತಾನೇ ಹಾಕಿದ.

ನಾಲ್ಕನೇ ದಿನ ಸಂಜೆ ತೋಟದ ಹಿಂದಿನಿಂದ ಸುತ್ತು ಹಾಕಿ, ಸೂಟ್‌ಕೇಸ್ ಹಿಡಿದು, ಕಪ್ಪು ಕನ್ನಡಕದಲ್ಲಿ ಸರ್ಕಲ್ಲಿಗೆ 'ಬಂದಿಳಿದ'. ದಾಸಪ್ಪ ಹಾರ ಹಾಕಿದ. ಊರೇ ಮುತ್ತಿಕೊಂಡಿತು.

"ಪೂನಾ ಹೆಂಗೈತೆ ಅಳಿಯಾ? ಜನ ಹೆಂಗವ್ರೆ?"

ಮೂರು ದಿನ ಕಂಡದ್ದೊಂದೇ. "ಜನ ಬೆಳ್ಳಗೆ, ದಪ್ಪಗವ್ರೆ ಮಾವ. ದಿನಕ್ಕೆ ಐದು ಹೊತ್ತು ತಿಂತಾರೆ. ಬರೀ ಸೊಪ್ಪು. ತಿನ್ನೋವಾಗ ಒಬ್ರಿಗೊಬ್ರು ಮಾತಾಡಲ್ಲ."

"ನೋಡ್ರಪ್ಪಾ ಶಿಸ್ತು!" ಎಂದ ದಾಸಪ್ಪ ಊರಿನ ಕಡೆ ತಿರುಗಿ.

ಮಾನ ಉಳಿಯಿತು! ಮನೆಗೆ ಬಂದು ಹಾರ ಬಿಚ್ಚಿ ಮೊಳೆಗೆ ಹಾಕುವಾಗ ಕೆಂಪರಾಜುವಿಗೆ ಒಂದೇ ಒಂದು ಕೊರಗು ಉಳಿದಿತ್ತು.

"ಆ ವಿಮಾನದೋರನ್ನ ಬಿಡಲ್ಲ ಕಣೇ! ಮುಂಚೇನೇ ಫೋನ್ ಮಾಡಿದ್ವಿ ಅಂತ ಸುಳ್ಳು ಹೇಳ್ತಾಳಲ್ಲ ಆ ಹುಡುಗಿ! ನಾಳೆನೇ ಕಂಪ್ಲೇಂಟ್ ಬರೀತೀನಿ."

"ಬರೀಬೇಡಿ, ಪಾಪ," ಎಂದಳು ಚಿಕ್ಕತಾಯಿ. "ಆ ಹುಡ್ಗಿ ಸುಳ್ಳು ಹೇಳಿಲ್ಲ. ನೀವ್ ಹೋಗೋ ಹಿಂದಿನ ಸಾಯಂಕಾಲ್ವೇ ಮನೆ ಫೋನಿಗೆ ಮಾಡಿದ್ರು. ನಾನೇ ತಗೊಂಡಿದ್ದು."

ಕೆಂಪರಾಜುವಿನ ಬಾಯಿ ತೆರೆದುಕೊಂಡಿತು. "ಮತ್ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಬಂದಿದ್ನಲ್ಲ. ನೆಗೆಟಿವ್ ಆದ್ರೆ ನುಂಗ್ಕೋ ಅಂದ್ರಿ. ಗಂಡ ಹೇಳ್ದ ಮಾತು, ನುಂಗ್ಕಂಡೆ."

ಚಿಕ್ಕತಾಯಿ ಗೋಡೆಯ ಕ್ಯಾಲೆಂಡರನ್ನು ಎರಡು ಹಾಳೆ ಮಗುಚಿ, ಬೆರಳಿಟ್ಟು ತೋರಿಸಿದಳು.

"ಮುಂದಿನ ಬೆಳೆ ನಾಲ್ಕನೇ ಜ್ವರ ಏಳೋದು ಈ ಗುರುವಾರ. ಎಲ್ಲಿಗೆ ಟಿಕೆಟ್ ಮಾಡುಸ್ತೀರಿ?"